ಪಿಳ್ಳಪ್ಪನ ಜಿರಳೆ ಸಂಸಾರ

ಕತೆ ಹೇಳು, ಕತೆ ಹೇಳು ಅಂತ ಪ್ರಾಣ ತಿಂತಿದ್ದೀರಲ್ಲ, ಹೇಳ್ತೀನಿ ಕೂತ್ಕೊಳ್ಳಿ. ಆದರೆ ಒಂದು ಕರಾರು. ನಡುವೆ ಯಾರೂ ಪಿಳ್ಳಪ್ಪನಿಗೆ ಬುದ್ಧಿ ಹೇಳೋಕೆ ಹೋಗಬೇಡಿ. ಬುದ್ಧಿ ಹೇಳಿದವರ ಗತಿ ಏನಾಯಿತು ಅನ್ನೋದೇ ಈ ಕತೆ.

ಶಿಡ್ಲಘಟ್ಟದ ಕಡೆ ಒಂದೂರು. ಆ ಊರಲ್ಲಿ ಅಕ್ಕಯಮ್ಮ ಅಂತ ಒಬ್ಬಳು. ರೇಷ್ಮೆ ಹುಳ ಸಾಕೋದರಲ್ಲಿ ಅವಳ ಕೈ ಅಂದರೆ ಕೈ. ಊರಿಗೆಲ್ಲ ಹುಳದ ರೋಗ ಬಂದರೂ ಅಕ್ಕಯಮ್ಮನ ಹುಳದ ಮನೆಯಲ್ಲಿ ಹುಳ ದುಂಡುದುಂಡಾಗಿ ಸೊಪ್ಪು ಮೇಯ್ತಾ ಇರ್ತಿದ್ದವು. ಅಂಥವಳಿಗೆ ಒಬ್ಬನೇ ಮಗ, ಪಿಳ್ಳಪ್ಪ. ಆಳೆತ್ತರ ಬೆಳೆದಿದ್ದ, ಮೀಸೆಯೂ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ. ಸೋಮಾರಿಯಂತೂ ಅಲ್ಲವೇ ಅಲ್ಲ. ಹೇಳಿದ ಕೆಲಸ ಮಾಡ್ತಿದ್ದ. ಅದೇ ಬಂದಿದ್ದು ತಾಪತ್ರಯ. ಹೇಗೆ ಹೇಳಿದರೆ ಹಾಗೇ ಮಾಡ್ತಿದ್ದ.

ಒಂದು ದಿನ ಅಕ್ಕಯಮ್ಮ ಹಿಪ್ಪುನೇರಳೆ ಸೊಪ್ಪು ತರೋಕೆ ತೋಟಕ್ಕೆ ಹೊರಟಳು. ಹುಳ ದೊಡ್ಡದಾಗಿದ್ದವು, ಇನ್ನೇನು ಗೂಡು ಕಟ್ಟೋ ಕಾಲ. ಆ ಹೊತ್ತಲ್ಲಿ ಹೊರಗಿನವರು ಹುಳದ ಮನೆ ಹೊಕ್ಕರೆ ಆಗಲ್ಲ. ಕಾಲಲ್ಲಿ ರೋಗ ತರ್ತಾರೆ, ಕಣ್ಣಲ್ಲಿ ದೃಷ್ಟಿ ತರ್ತಾರೆ. ಅದಕ್ಕೆ ಮಗನನ್ನು ಒಳಗೆ ಕೂರಿಸಿ, ಯಾರೇ ಬಂದರೂ ಬಾಗಿಲು ತೆಗೀಬೇಡ ಅಂತ ಹೇಳಿ ಹೋದಳು. ಪಿಳ್ಳಪ್ಪ ಒಳಗಿಂದ ಅಗಳಿ ಹಾಕಿಕೊಂಡು ಕೂತ.

ಅಕ್ಕಯಮ್ಮ ಸೊಪ್ಪಿನ ಹೊರೆ ಹೊತ್ತುಕೊಂಡು ಬಂದಳು. ಬಾಗಿಲು ತಟ್ಟಿದಳು.

"ಲೋ ಪಿಳ್ಳ, ತೆಗಿಯೋ."

"ತೆಗಿಯಲ್ಲ."

"ನಾನು ಕಣೋ, ನಿಮ್ಮಮ್ಮ."

"ಗೊತ್ತು. ಯಾರೇ ಬಂದ್ರೂ ತೆಗೀಬ್ಯಾಡ ಅಂತ ನಮ್ಮಮ್ಮನೇ ಹೇಳವ್ಳೆ."

ಅಕ್ಕಯಮ್ಮ ಬೈದಳು, ಬೇಡಿದಳು, ಅತ್ತಳು. ಪಿಳ್ಳಪ್ಪ ಜಪ್ಪಯ್ಯ ಅನ್ನಲಿಲ್ಲ. ಒಳಗೆ ಅವನೂ ಅಳ್ತಿದ್ದನಂತೆ, ಅಮ್ಮ ಅಳೋದು ಕೇಳಿ. ಆದರೂ ತೆಗೀಲಿಲ್ಲ. ಕೊನೆಗೆ ಊರವರು ಬಂದು ಹೆಂಚು ತೆಗೆದು ಒಳಗಿಳಿಯೋ ಹೊತ್ತಿಗೆ ಸಂಜೆಯಾಗಿತ್ತು. ಹುಳ ಹಸಿದು ತಟ್ಟೆ ಬಿಟ್ಟು ಗೋಡೆ ಹತ್ತಿದ್ದವು. ಆ ಸಲ ಗೂಡು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬಂತು.

ಅಕ್ಕಯಮ್ಮ ತಲೆ ತಲೆ ಚಚ್ಚಿಕೊಂಡಳು. ಬಾಗಿಲು ತಟ್ಟಿದರೆ ಯಾರು ಅಂತ ನೋಡಬೇಕು ಕಣೋ ಮುಂಡೇದೆ, ಅಂದಳು. ಗೊತ್ತಿರೋರು ಬಂದರೆ ಒಳಕ್ಕೆ ಕರೀಬೇಕು, ಕೂರಿಸಬೇಕು, ತಿನ್ನೋಕೆ ಏನಾದರೂ ಕೊಡಬೇಕು, ಅಂದಳು. ಪಿಳ್ಳಪ್ಪ ಹೂಂ ಅಂದ. ಇನ್ನು ಮೇಲೆ ನೀನು ಹುಳದ ಮನೆ ಹೊಸಿಲು ತುಳೀಬೇಡ, ಅಂತಲೂ ಅಂದಳು. ಪಿಳ್ಳಪ್ಪ ಅದಕ್ಕೂ ಹೂಂ ಅಂದ.

ಹೂಂ ಅಂದ ಸರಿ. ಆದರೆ ಅವನಿಗೆ ಹುಳ ಅಂದರೆ ಪಂಚಪ್ರಾಣ. ಸೊಪ್ಪು ಮೇಯೋ ಸದ್ದು ಕೇಳದಿದ್ದರೆ ಅವನಿಗೆ ಊಟ ಸೇರ್ತಿರಲಿಲ್ಲ. ಆವತ್ತಿಂದ ಹೊಸಿಲು ತುಳೀಲಿಲ್ಲ ಪುಣ್ಯಾತ್ಮ, ಕಿಟಕಿಯ ಜಾಲರಿಗೆ ಮೂಗು ಒತ್ತಿಕೊಂಡು ಹೊರಗೇ ನಿಂತಿರ್ತಿದ್ದ. ಒಳಗಿಂದ ಅಮ್ಮ ನೋಡಿದರೆ ಜಾಲರಿಯ ಗುರುತು ಬಿದ್ದ ಒಂದು ಮೂಗು. ಅವಳಿಗೂ ಕರುಳು ಚುರ್ ಅಂತಿತ್ತು. ನಾಳೆ ನನ್ನ ಕೈ ಸೋತರೆ ಈ ಹುಳದ ಮನೆಗೆ ಗತಿ ಯಾರು, ಇವನಿಗೆ ಗತಿ ಯಾರು ಅಂತ ಕೊರಗ್ತಿದ್ದಳು.

ಹೀಗಿರುವಾಗ ಒಂದು ದಿನ ಸುಗುಣಾ ಟೀಚರು ಬಂದರು. ಊರ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾದವರು. ರಿಟೈರಾದ ಮೇಲೆ ಕೆಲವರು ಸೈಟು ತಗೋತಾರೆ, ಕೆಲವರು ಕಾಶಿಗೆ ಹೋಗ್ತಾರೆ. ಈಯಮ್ಮ ಒಂದು ಓತಿಕ್ಯಾತ ತಗೊಂಡಿದ್ದರು. ನಮ್ಮ ಬೇಲಿ ಮೇಲಿನ ಓತಿಕ್ಯಾತ ಅಲ್ಲ. ಪರದೇಶದ್ದು, ಮೊಳದುದ್ದ, ಗದ್ದದ ಕೆಳಗೆ ಮುಳ್ಳುಮುಳ್ಳಿನ ಗಡ್ಡ. ಸಿಟ್ಟು ಬಂದರೆ ಗಡ್ಡ ಉಬ್ಬಿಸ್ತಿತ್ತು. ಅದಕ್ಕೆ ತಾತ ಅಂತಲೇ ಹೆಸರಿಟ್ಟಿದ್ದರು.

ಈ ತಾತ ಊಟ ಬಿಟ್ಟಿದ್ದ. ಅವನಿಗೆ ಬೇಕಾದ್ದು ಜಿರಳೆ. ಬೆಂಗಳೂರಿನಿಂದ ಬಸ್ಸಲ್ಲಿ ಡಬ್ಬ ಬರ್ತಿತ್ತು, ಇಲ್ಲಿಗೆ ಬರೋ ಹೊತ್ತಿಗೆ ಅರ್ಧ ಸತ್ತು ಅರ್ಧ ಸೋತು ಬಿದ್ದಿರ್ತಿದ್ದವು. ಓಡದಿದ್ದದ್ದನ್ನು ತಾತ ಮೂಸಿಯೂ ನೋಡ್ತಿರಲಿಲ್ಲ. ಸೊಪ್ಪು, ಕುಂಬಳದ ಹೂವು ಕೊಟ್ಟರೆ ಎರಡು ಎಸಳು ಕಚ್ಚಿ ಮುಖ ತಿರುಗಿಸ್ತಿದ್ದ. ಬಾಲದ ಮೂಳೆ ಎಣಿಸೋ ಹಾಗೆ ಕಾಣ್ತಿತ್ತು. ಇನ್ನು ಮನೆಯಲ್ಲೇ ಜಿರಳೆ ಸಾಕಬೇಕು, ನಿಮ್ಮಂಥ ಕೈ ಇರೋರು ಬೇಕು ಅಕ್ಕಯಮ್ಮ, ಅಂತ ಕೇಳಿದರು.

ಅಕ್ಕಯಮ್ಮನಿಗೆ ಪುರುಸೊತ್ತೆಲ್ಲಿ. ಕಿಟಕಿಯಲ್ಲಿದ್ದ ಮೂಗು ನೋಡಿದಳು. ಹುಳ ಸಾಕೋಕೆ ಬಾರದವನು ಜಿರಳೆಯಾದರೂ ಸಾಕಲಿ, ಹೋದರೆ ಜಿರಳೆ ತಾನೇ ಅಂದುಕೊಂಡಳು. ಮಗನನ್ನು ಕರೆದು ಹೇಳಿದಳು:

"ಟೀಚರಮ್ಮನ ಬಾಯಲ್ಲಿ ಭೇಷ್ ಅನ್ನಿಸ್ಕೊಂಡು ಬಾ. ಹುಳದ ಮನೆ ಬಾಗಿಲು ನಾನೇ ತೆಗೀತೀನಿ."

ಪಿಳ್ಳಪ್ಪ ಅಂಗಿ ಹಾಕಿಕೊಳ್ಳೋದನ್ನೂ ಮರೆತು ಓಡಿದ.

ಟೀಚರಮ್ಮ ಎಲ್ಲ ನಿಧಾನವಾಗಿ ಹೇಳಿಕೊಟ್ಟರು. ಇವು ಅಡುಗೆಮನೆ ಜಿರಳೆ ಅಲ್ಲಪ್ಪ, ಬೇರೆ ಜಾತಿ, ನುಣ್ಣಗಿನ ಗೋಡೆ ಹತ್ತಲ್ಲ, ನಾತ ಇಲ್ಲ. ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಬೆಚ್ಚಗೆ, ಕತ್ತಲಲ್ಲಿ ಇಟ್ಟರೆ ಮರಿ ಹಾಕ್ತವೆ. ಸಂಸಾರ ದೊಡ್ಡದಾಗೋವರೆಗೆ ಒಂದನ್ನೂ ತಾತನಿಗೆ ಹಾಕಬಾರದು. ಅವು ಅವಿತುಕೊಳ್ಳೋಕೆ ಡಬ್ಬದ ಒಳಗೆ ಮೊಟ್ಟೆ ಟ್ರೇ ನಿಲ್ಲಿಸಿಡಬೇಕು, ಅಂಗಡಿಯಿಂದ ಎರಡು ಟ್ರೇ ತಗೊಂಡು ಬಾ ಅಂದರು. ಪಿಳ್ಳಪ್ಪ ತಂದ. ಮೊಟ್ಟೆ ಸಮೇತ ತಂದ. ಡಬ್ಬದಲ್ಲಿ ನಿಲ್ಲಿಸು ಅಂದಿದ್ದರಲ್ಲ, ನಿಲ್ಲಿಸಿದ. ಆವತ್ತು ಟೀಚರಮ್ಮ ಡಬ್ಬ ತೊಳೆದರು, ಏನೂ ಅನ್ನಲಿಲ್ಲ. ಮೊದಲನೇ ದಿನ ಅಲ್ಲವಾ.

ಜಿರಳೆ ಬಂದವು. ಡಬ್ಬ ಹಿತ್ತಲ ಚಪ್ಪರದಡಿ ಇಟ್ಟರು. ಪಿಳ್ಳಪ್ಪನನ್ನು ಕಾವಲು ಬಿಟ್ಟು ಟೀಚರಮ್ಮ ಸ್ನಾನಕ್ಕೆ ಹೋದರು. ಆಗ ಹಿತ್ತಲ ಬಾಗಿಲನ್ನು ಯಾರೋ ಟಕ ಟಕ ಅನ್ನಿಸಿದರು. ಪಿಳ್ಳಪ್ಪ ಎದ್ದು ಹೋಗಿ ಸಂದಿಯಲ್ಲಿ ನೋಡಿದ. ನೋಡಬೇಕು ಅಂತ ಅಮ್ಮ ಹೇಳಿದ್ದಳಲ್ಲ. ನೋಡಿದರೆ ಪಕ್ಕದ ಮನೆ ಜೈನಾಬಿಯ ಕೆಂಪು ಕೋಳಿ. ಗೊತ್ತಿರೋ ಕೋಳಿ! ದಿನಾ ಬೆಳಿಗ್ಗೆ ನೋಡ್ತಿದ್ದ ಕೋಳಿ. ಬಾಗಿಲು ತೆಗೆದ, ಬಾ ಬಾ ಅಂದ, ಹಿಡಿದು ಚಾಪೆ ಮೇಲೆ ಕೂರಿಸಿದ. ತಿನ್ನೋಕೆ ಏನು ಕೊಡೋದು? ಅತ್ತ ನೋಡಿದ, ಇತ್ತ ನೋಡಿದ. ಡಬ್ಬದ ಮುಚ್ಚಳ ತೆಗೆದ.

ಟೀಚರಮ್ಮ ತಲೆ ಒರೆಸಿಕೊಳ್ತಾ ಬಂದಾಗ ಕೋಳಿ ಡಬ್ಬದೊಳಗೇ ಕೂತು ಕೊಕ್ಕು ತೀಡಿಕೊಳ್ತಿತ್ತು. ಒಂದು ಜಿರಳೆ ಇಲ್ಲ.

"ಏನೋ ಇದು ಪಿಳ್ಳಪ್ಪ?"

"ನೆಂಟ್ರು ಮೇಡಮ್ಮೋರೆ. ಇನ್ನೂ ಕೊಡಿ ಅಂತಾವ್ರೆ."

ಟೀಚರಮ್ಮ ಜನ್ಮದಲ್ಲಿ ಯಾವ ಹುಡುಗನಿಗೂ ಬೈಯದಷ್ಟು ಬೈದರು. ಕೊನೆಗೆ ಉಸಿರು ಬಿಟ್ಟು, ನೋಡಪ್ಪ, ಇನ್ನು ಮೇಲೆ ರೆಕ್ಕೆ ಇರೋದು ಏನೇ ಆಗಲಿ, ಡಬ್ಬದ ಹತ್ತಿರ ಕಂಡರೆ ಗೋಡೆಯಾಚೆ ಓಡಿಸು ಅಂದರು. ಕೋಳಿ ಆಗಲಿ, ಕಾಗೆ ಆಗಲಿ, ರೆಕ್ಕೆ ಕಂಡರೆ ಬಿಡಬೇಡ ಅಂದರು. ಪಿಳ್ಳಪ್ಪ ಹೂಂ ಅಂದ.

ಬೆಂಗಳೂರಿಗೆ ಫೋನು ಹೋಯಿತು, ಎರಡನೇ ಡಬ್ಬ ಬಂತು. ಪಿಳ್ಳಪ್ಪ ಕೋಲು ಹಿಡಿದು ಕೂತ. ಕೋಳಿ ಬಂತು, ಓಡಿಸಿದ. ಕಾಗೆ ಬಂತು, ಓಡಿಸಿದ. ಚಿಟ್ಟೆ ಬಂತು, ಅದನ್ನೂ ಬಿಡಲಿಲ್ಲ. ಟೀಚರಮ್ಮನಿಗೆ ಸಂತೋಷವೋ ಸಂತೋಷ. ಹುಡುಗ ದಾರಿಗೆ ಬಂದ, ಹೇಳೋ ರೀತಿಯಲ್ಲಿ ಹೇಳಿದರೆ ಯಾರಿಗಾದರೂ ತಲೆಗೆ ಹೋಗುತ್ತೆ ಅಂತ ಅಕ್ಕಯಮ್ಮನ ಮುಂದೆ ಜಂಬವನ್ನೂ ಕೊಚ್ಚಿಕೊಂಡರು. ಪಾಪ.

ದಿನ ಹೋಯಿತು, ವಾರ ಹೋಯಿತು. ಯುಗಾದಿ ಬಂದು ಹೋಯಿತು. ಜಿರಳೆಗಳು ಕ್ಯಾರೆಟ್ ತಿಂತವೆ, ಕಿತ್ತಳೆ ಸಿಪ್ಪೆ ತಿಂತವೆ, ಗುಂಡುಗುಂಡಾಗಿವೆ. ಆದರೆ ಒಂದು ಮರಿ ಇಲ್ಲ. ತಾತನ ಬಾಲದಲ್ಲಿ ಇನ್ನೊಂದು ಮೂಳೆ ಎದ್ದಿತು. ಟೀಚರಮ್ಮ ಕನ್ನಡಕ ಹಾಕಿಕೊಂಡು ಡಬ್ಬಕ್ಕೆ ಬಗ್ಗಿ ಒಂದೊಂದನ್ನೇ ಎತ್ತಿ ನೋಡಿದರು. ಆ ಜಾತಿಯಲ್ಲಿ ಗಂಡಿಗೆ ಉದ್ದ ರೆಕ್ಕೆ, ಹೆಣ್ಣಿಗೆ ಹೆಸರಿಗೆ ಮಾತ್ರ ಎರಡು ಮೊಟಕು. ಡಬ್ಬದಲ್ಲಿದ್ದವೆಲ್ಲ ಹೆಣ್ಣು. ಗಂಡು ಅಂತ ಹೇಳೋಕೆ ಒಂದೂ ಇಲ್ಲ.

"ಗಂಡುಗಳೆಲ್ಲಿ ಪಿಳ್ಳಪ್ಪ? ಉದ್ದ ರೆಕ್ಕೆ ಇದ್ದವಲ್ಲ?"

"ಅಯ್ಯೋ, ಬಂದ ದಿನಾನೇ ಓಡಿಸ್ದೆ. ಡಬ್ಬದ ಹತ್ರ ಏನು, ಒಳಕ್ಕೇ ನುಗ್ಗಿದ್ವು."

ಗೋಡೆಯಾಚೆಗೆ ಓಡಿಸಿದ್ದ. ಗೋಡೆಯಾಚೆ ಯಾರಿದ್ದರು? ಜೈನಾಬಿಯ ಕೋಳಿ ಇತ್ತು. ಆ ಕೋಳಿ ಆ ವರ್ಷ ದಿನಕ್ಕೊಂದು ಮೊಟ್ಟೆ ತಪ್ಪದೆ ಇಡ್ತು ಅಂತ ಜೈನಾಬಿ ಈಗಲೂ ಹೇಳ್ತಾಳೆ.

ಗಂಡುಗಳೂ ಆ ಕೋಳಿಯ ಹೊಟ್ಟೆ ಸೇರಿದ್ದು ಟೀಚರಮ್ಮನಿಗೆ ತಿಳಿಯದು. ಗಂಡಿಲ್ಲದೆ ಸಂಸಾರ ಹೇಗೆ ಬೆಳೆಯುತ್ತೋ ದಡ್ಡ ಅಂತ ಬೈದರು. ಹೋಗು, ಎಲ್ಲೇ ಇರಲಿ ಹುಡುಕು, ರೆಕ್ಕೆ ಇರೋ ಜಿರಳೆ ಎಲ್ಲಿ ಕಂಡರೂ ಬಿಡದೆ ಹಿಡಿದು ತಂದು ಡಬ್ಬಕ್ಕೆ ಹಾಕು, ಅಂದರು. ಪಿಳ್ಳಪ್ಪ ಹೂಂ ಅಂದ. ನೀವು ನಗ್ತಿದ್ದೀರಿ. ಮುಂದಿನದು ಗೊತ್ತಾಯಿತು ಅಂತ ಕಾಣುತ್ತೆ.

ಹೂಂ, ಅದೇ. ಪಿಳ್ಳಪ್ಪ ಕೈಯಲ್ಲಿ ತಗಡಿನ ಡಬ್ಬ ಹಿಡಿದು ಮನೆ ಮನೆ ತಿರುಗಿದ. ನಿಮ್ಮನೇಲಿ ರೆಕ್ಕೆ ಇರೋ ಜಿರಳೆ ಐತಾ ಅಂತ ಕೇಳಿದ. ಯಾರ ಮನೆಯಲ್ಲಿ ಇಲ್ಲ ಹೇಳಿ? ಮೊದಲು ಜನ ನಕ್ಕರು. ಆಮೇಲೆ ನಮ್ಮನೆಗೆ ಬಾರಪ್ಪ, ನಮ್ಮನೆಗೆ ಬಾರಪ್ಪ ಅಂತ ಕರೆಯೋಕೆ ಶುರು ಮಾಡಿದರು. ಒಲೆ ಹಿಂದೆ ಹಿಡಿದ, ಮೋರಿಯಲ್ಲಿ ಹಿಡಿದ, ಹೋಟೆಲಿನ ಬೀರು ಸರಿಸಿ ಹಿಡಿದ. ಹೋಟೆಲಿನವರು ಅವನಿಗೆ ಖುಷಿಯಿಂದ ಎರಡು ವಡೆ ಕೊಟ್ಟರು. ಆ ಬೀದಿಯ ಹೆಂಗಸರು ಎಷ್ಟೋ ವರ್ಷದ ಮೇಲೆ ನೆಮ್ಮದಿಯಾಗಿ ಪಾತ್ರೆ ಮುಚ್ಚದೆ ಮಲಗಿದರು. ಪಿಳ್ಳಪ್ಪ ತುಂಬಿದ ಡಬ್ಬ ತಂದು ಟೀಚರಮ್ಮನ ಡಬ್ಬಕ್ಕೆ ಸುರಿದು ಮುಚ್ಚಳ ತೆರೆದೇ ಇಟ್ಟ. ಈ ಜಿರಳೆ ಗೋಡೆ ಹತ್ತಲ್ಲ ಅಂತ ಮೊದಲೇ ಹೇಳಿದ್ದರಲ್ಲ!

ಬೀದಿಯ ಜಿರಳೆಗೆ ಆ ಮಾತು ಯಾರೂ ಹೇಳಿರಲಿಲ್ಲ. ಹತ್ತಿದವು, ಹಾರಿದವು. ಟೀಚರಮ್ಮನ ದೋಸೆ ಹಿಟ್ಟಿನಲ್ಲಿ, ದೇವರ ಮನೆಯಲ್ಲಿ, ಕನ್ನಡಕದ ಪೆಟ್ಟಿಗೆಯಲ್ಲಿ, ಎಲ್ಲೆಲ್ಲೂ ಅವೇ. ಟೀಚರಮ್ಮ ಸ್ಟೂಲಿನ ಮೇಲೆ ಹತ್ತಿ ನಿಂತು ಅಕ್ಕಯಮ್ಮನಿಗೆ ಹೇಳಿ ಕಳಿಸಿದರು.

ಅಕ್ಕಯಮ್ಮ ಬಂದಳು. ಪೊರಕೆ ಹಿಡಿದು ಒಂದೇ ಮಧ್ಯಾಹ್ನದಲ್ಲಿ ಮನೆಯೆಲ್ಲ ಗುಡಿಸಿ ಸ್ವಚ್ಛ ಮಾಡಿದಳು. ಆಮೇಲೆ ಟೀಚರಮ್ಮ ಮೆಲ್ಲಗೆ ಹೇಳಿದರು: ಹುಡುಗನ ಮನಸ್ಸು ಬಂಗಾರ, ಆದರೆ ನನ್ನ ಕೈಲಾಗಲ್ಲ, ತಾತ ಬೇರೆ ದಿನದಿನಕ್ಕೆ ಇಳಿದುಹೋಗ್ತಿದ್ದಾನೆ, ನಿಮ್ಮ ಮಗನನ್ನ ಕರೆದುಕೊಂಡು ಹೋಗಿಬಿಡಿ. ಅಕ್ಕಯಮ್ಮನಿಗೆ ಕಣ್ಣು ತುಂಬಿತು. ಜಿರಳೆಯೂ ಇವನ ಕೈಗೆ ಆಗಲಿಲ್ಲ ಅಂದರೆ ಇನ್ನೇನು ಆದೀತು. ಪಿಳ್ಳಪ್ಪ ಮೂಲೆಯಲ್ಲಿ ನಿಂತು ಡಬ್ಬ ತಬ್ಬಿಕೊಂಡಿದ್ದ. ಅವನಿಗೆ ಗೊತ್ತಿತ್ತು, ಇಲ್ಲಿಂದ ಹೋದರೆ ಹುಳದ ಮನೆ ಬಾಗಿಲು ತೆಗೆಯೋದಿಲ್ಲ ಅಂತ.

ಇನ್ನೊಂದೇ ಸಲ ನೋಡಿ ತಾಯಿ ಅಂತ ಅಕ್ಕಯಮ್ಮ ಟೀಚರಮ್ಮನ ಕೈ ಹಿಡಿದುಕೊಂಡಳು. ಮಗನ ಕಡೆ ತಿರುಗಿದಳು.

"ನಿಂಗೆ ಬುದ್ಧಿ ಹೇಳಿ ಹೇಳಿ ನನ್ನ ನಾಲಗೆ ಸವೆದೋಯ್ತು. ಒಂದೇ ಮಾತು ಕೇಳು. ನಾನು ಹುಳಾನ ಹೆಂಗೆ ನೋಡ್ಕೋತೀನೋ, ನೀನು ಇವನ್ನ ಹಂಗೇ ನೋಡ್ಕೋ. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ಪಿಳ್ಳಪ್ಪ ಹೂಂ ಅಂದ. ಈ ಸಲದ ಹೂಂ ಸ್ವಲ್ಪ ಜೋರಾಗೇ ಇತ್ತು.

ಬೆಂಗಳೂರಿನಿಂದ ಗಂಡು ಜಿರಳೆ ಬಂದವು. ಪಿಳ್ಳಪ್ಪ ಡಬ್ಬವನ್ನು ಹಿತ್ತಲ ಕೋಣೆಗೆ ಸಾಗಿಸಿದ. ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿದ, ಬೇವಿನ ಸೊಪ್ಪು ಕಟ್ಟಿದ, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟ. ಟೀಚರಮ್ಮ ಬಂದರೂ ಕಾಲು ತೊಳೆದೇ ಒಳಗೆ. ಜೈನಾಬಿ ಬಂದು ಇಣುಕಿದರೆ, ದೃಷ್ಟಿ ಆಗ್ತೈತೆ ಹೋಗಕ್ಕ ಅಂತಿದ್ದ. ಮರಿ ಹುಳಕ್ಕೆ ಅಮ್ಮ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸ್ತಿದ್ದಳಲ್ಲ, ಇವನು ಕ್ಯಾರೆಟ್ಟನ್ನು ಕೂದಲ ಹಾಗೆ ಹೆಚ್ಚಿ ಉದುರಿಸಿದ. ಅಮ್ಮ ತಟ್ಟೆಯ ಕಸ ತೆಗೆಯೋ ಹಾಗೆ ಡಬ್ಬದ ಕಸ ತೆಗೆದ. ಚಳಿಯಾದರೆ ಕೋಣೆ ಬೆಚ್ಚಗೆ ಮಾಡಿದ, ಸೆಕೆಯಾದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟಿದ. ಅಕ್ಕಯಮ್ಮ ಸೊಪ್ಪು ಹಾಕ್ತಾ ಹುಳಕ್ಕೆ ಬೈಯೋಳು, ತಿನ್ನಿ ತಿನ್ನಿ, ತಿಂದು ನನ್ನ ಮಾನ ಉಳಿಸಿ ಅಂತ. ಪಿಳ್ಳಪ್ಪನೂ ದಿನಾ ಹೊತ್ತಿಗೆ ಸರಿಯಾಗಿ ಜಿರಳೆಗೆ ಬೈದ.

ಏನಾಯಿತು ಅಂತೀರಿ? ಗೌರಿ ಹಬ್ಬದ ಹೊತ್ತಿಗೆ ಡಬ್ಬದಲ್ಲಿ ಎಳ್ಳು ಚೆಲ್ಲಿದ ಹಾಗೆ ಮರಿ. ದೀಪಾವಳಿಗೆ ಇನ್ನೊಂದು ಡಬ್ಬ, ಸಂಕ್ರಾಂತಿಗೆ ಮತ್ತೊಂದು. ಟೀಚರಮ್ಮ ಮುಚ್ಚಳ ತೆಗೆದು ನೋಡಿ ಬೆರಗಾದರು. ಭೇಷ್ ಅನ್ನೋ ಮಾತು ನಾಲಗೆ ತುದಿಗೆ ಬಂದಿತ್ತು. ಆದರೆ ಹಿಂದೆ ಜಂಬ ಕೊಚ್ಚಿ ಬೇಸ್ತು ಬಿದ್ದಿದ್ದರಲ್ಲ, ಬಾಯಿ ಬಿಗಿ ಹಿಡಿದರು. ನಾಳೆ ಬೆಳಿಗ್ಗೆ ತಾತನಿಗೆ ಮೊದಲ ಊಟ ಹಾಕೋಣ, ಅವನು ತಿಂದರೆ ಆಗ ಹೇಳೋಣ ಅಂದುಕೊಂಡರು.

ಬೆಳಿಗ್ಗೆ ಪಿಳ್ಳಪ್ಪ ಬೇಗ ಬಂದ. ಮುಚ್ಚಳ ತೆಗೆದ. ಕಂದು ಜಿರಳೆಗಳ ನಡುವೆ ಅಲ್ಲಲ್ಲಿ ಬೆಳ್ಳಗೆ, ನುಣ್ಣಗೆ, ಬೆಣ್ಣೆಯ ಬಣ್ಣಕ್ಕೆ ತಿರುಗಿದ ಜಿರಳೆ. ಪೊರೆ ಕಳಚಿದಾಗ ಜಿರಳೆ ಹಾಗೆ ಬೆಳ್ಳಗಿರುತ್ತೆ, ಹೊತ್ತೇರಿದ ಮೇಲೆ ಮತ್ತೆ ಕಂದಾಗುತ್ತೆ. ಅದು ಟೀಚರಮ್ಮನಿಗೆ ಗೊತ್ತು. ಪಿಳ್ಳಪ್ಪನಿಗೆ ಗೊತ್ತಿದ್ದದ್ದು ರೇಷ್ಮೆ ಹುಳ. ಹುಳ ಮೈ ತಿಳಿಯಾಗಿ ಬಣ್ಣ ತಿರುಗಿತು ಅಂದರೆ ಹಣ್ಣಾಯಿತು ಅಂತ. ಹಣ್ಣಾದ ಹುಳವನ್ನು ತಡ ಮಾಡದೆ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಆ ದೊಡ್ಡ ತಟ್ಟೆಯಲ್ಲಿ ಸುರುಳಿ ಸುರುಳಿ ಸಂದಿ ಇರುತ್ತಲ್ಲ, ಅಲ್ಲೇ ಅವು ಗೂಡು ಕಟ್ಟೋದು. ತಡವಾದರೆ ನೂಲು ವ್ಯರ್ಥ, ಅಮ್ಮ ಆ ದಿನ ನಿಂತಲ್ಲಿ ನಿಲ್ಲೋಳಲ್ಲ.

ಪಿಳ್ಳಪ್ಪನೂ ನಿಲ್ಲಲಿಲ್ಲ. ಮನೆಗೆ ಓಡಿ ಹೊರಗೆ ಒರಗಿಸಿದ್ದ ಚಂದ್ರಿಕೆ ಹೊತ್ತು ತಂದ. ಟೀಚರಮ್ಮನ ಅಂಗಳದ ಎಳೆಬಿಸಿಲಲ್ಲಿ ಗೋಡೆಗೆ ಒರಗಿಸಿದ, ಅರಿಶಿನ ಕುಂಕುಮ ಇಟ್ಟ, ಕೈ ಮುಗಿದ. ಹಣ್ಣಾದ ಹುಳ ಆರಿಸೋಕೆ ಅಮ್ಮ ಅಕ್ಕಪಕ್ಕದ ಹೆಂಗಸರನ್ನು ಕರೀತಿದ್ದಳು. ಇವನೂ ಬೀದಿಯಲ್ಲಿ ನಿಂತು ಕರೆದ. ಹುಳ ಹಣ್ಣಾಗವೆ, ಬೇಗ ಬರ್ರಕ್ಕಾ ಅಂದ. ಆ ಕೂಗಿಗೆ ಅಲ್ಲಿ ಯಾವ ಹೆಂಗಸು ನಿಲ್ತಾಳೆ? ಒಲೆ ಮೇಲಿದ್ದದ್ದು ಇಳಿಸಿ, ಕೈ ತೊಳೆದು, ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. ಪಿಳ್ಳಪ್ಪ ಬುಟ್ಟಿ ತುಂಬ ಜಿರಳೆ ತಂದು ಚಂದ್ರಿಕೆಯ ಮೇಲೆ ಬಿಟ್ಟ.

ನುಣ್ಣಗಿನ ಪ್ಲಾಸ್ಟಿಕ್ ಹತ್ತದ ಜಿರಳೆ ಬಿದಿರನ್ನು ಚೆನ್ನಾಗೇ ಹತ್ತುತ್ತೆ. ಸುರುಳಿ ಸುರುಳಿ ಸುತ್ತಿ ಓಡಿದವು. ಹೆಂಗಸರೂ ಓಡಿದರು, ಬಂದದ್ದಕ್ಕಿಂತ ಬೇಗ ಓಡಿದರು. ಪಿಳ್ಳಪ್ಪ ಮಾತ್ರ ಚಂದ್ರಿಕೆಯ ಮುಂದೆ ಕೂತು, ಕಟ್ಟಿ ಕಟ್ಟಿ, ಕಟ್ಟಿ ನಮ್ಮಮ್ಮನ ಮಾನ ಉಳಿಸಿ ಅಂತ ಬೈತಾ ಇದ್ದ.

ಅದೇ ಹೊತ್ತಿಗೆ ಟೀಚರಮ್ಮ ತಾತನನ್ನು ದಿನದ ಹಾಗೆ ಬಿಸಿಲು ಕಾಯಿಸೋಕೆ ಹೊರಗೆ ತಂದರು. ಅಂಗಳ ನೋಡಿ ಅವರ ಕೈ ಸಡಿಲಾಯಿತು. ತಾತ ನೆಲಕ್ಕಿಳಿದ. ತಲೆ ಎತ್ತಿದ. ಬಿಸಿಲಲ್ಲಿ, ಕಣ್ಣೆದುರಲ್ಲಿ, ಓಡೋ ಜಿರಳೆ! ಎಷ್ಟೋ ತಿಂಗಳಿಂದ ಕಲ್ಲಿನ ಹಾಗೆ ಬಿದ್ದುಕೊಂಡಿದ್ದ ಪ್ರಾಣಿ ಒಂದೇ ನೆಗೆತಕ್ಕೆ ಚಂದ್ರಿಕೆ ಹತ್ತಿತು. ಚಪ್ಪ್ ಅಂತು. ಕರುಂ ಕುರುಂ ಅಂತು. ಮತ್ತೆ ಚಪ್ಪ್ ಅಂತು. ಈ ಸುರುಳಿಯಲ್ಲಿ ಒಂದು, ಆ ಸುರುಳಿಯಲ್ಲಿ ಒಂದು, ಆರಿಸಿ ಆರಿಸಿ ತಿಂತು. ಟೀಚರಮ್ಮ ಬೈಯೋಕೆ ತೆರೆದ ಬಾಯಿ ಹಾಗೇ ಇತ್ತು, ಕಣ್ಣಲ್ಲಿ ನೀರು ಸುರೀತಿತ್ತು.

"ಭೇಷ್ ಕಣೋ ಪಿಳ್ಳಪ್ಪ," ಅಂದರು.

ಗಲಾಟೆ ಕೇಳಿ ಅಕ್ಕಯಮ್ಮ ಓಡಿ ಬಂದಿದ್ದಳು. ಚಂದ್ರಿಕೆ ಹಾಳಾಯಿತು ಅಂತ ಮೊದಲು ಕೈ ಎತ್ತಿದಳು, ಹೌದು. ಆದರೆ ಬಾಗಿಲ ಸುಣ್ಣ ನೋಡಿದಳು. ಬೇವಿನ ಸೊಪ್ಪು ನೋಡಿದಳು. ಕೋಣೆಯೊಳಗೆ ಹೋಗಿ ಒದ್ದೆ ಗೋಣಿ ನೋಡಿದಳು, ಕೂದಲಂತೆ ಹೆಚ್ಚಿದ ಕ್ಯಾರೆಟ್ ನೋಡಿದಳು. ತಾನು ಮಾಡೋದರಲ್ಲಿ ಒಂದೂ ಬಿಟ್ಟಿಲ್ಲ. ಎಲ್ಲಿ ಕಲಿತೆಯೋ ಅಂತ ಕೇಳಿದಳು. ಕಿಟಕಿಯಿಂದ ನೋಡ್ದೆ ಅಂದ. ಎತ್ತಿದ ಕೈ ಅವನ ತಲೆ ಮೇಲೆ ಇಳಿಯಿತು, ಹೊಡೆಯೋಕೆ ಅಲ್ಲ. ಆ ತಾಯಿಗೆ ಆವತ್ತು ಆದಷ್ಟು ಸಂತೋಷ ಯಾವ ಬೆಳೆ ಬಂದಾಗಲೂ ಆಗಿರಲಿಲ್ಲ.

ಮಾತು ಅಂದರೆ ಮಾತು. ಅಕ್ಕಯಮ್ಮ ಹುಳದ ಮನೆ ಬಾಗಿಲು ತೆಗೆದಳು. ಪಿಳ್ಳಪ್ಪ ಕಾಲು ತೊಳೆದು, ಹೊಸಿಲು ಮುಟ್ಟಿ ನಮಸ್ಕಾರ ಮಾಡಿ, ಒಳಗೆ ಹೋದ. ಬೆಳಿಗ್ಗೆ ಟೀಚರಮ್ಮನ ಜಿರಳೆ, ಆಮೇಲೆ ಅಮ್ಮನ ಹುಳ. ಒಂದು ತಪ್ಪಿಲ್ಲ, ಒಂದು ಬೈಗುಳ ಇಲ್ಲ. ತಾತ ದಪ್ಪಗಾದ, ಹುಳ ದಪ್ಪಗಾದವು, ಪಿಳ್ಳಪ್ಪನೂ ಸ್ವಲ್ಪ ದಪ್ಪಗಾದ. ಕತೆ ಇಲ್ಲಿಗೇ ಮುಗಿಸಬಹುದಿತ್ತು. ಮುಗಿಸೋಕೆ ಪಿಳ್ಳಪ್ಪ ಬಿಡಬೇಕಲ್ಲ.

ಹುಳ ಮತ್ತೆ ದೊಡ್ಡದಾಗಿದ್ದವು, ಇನ್ನೇನು ಗೂಡು ಕಟ್ಟೋ ಕಾಲ. ಟೀಚರಮ್ಮ ಮದುವೆಗೆ ಅಂತ ಚಿಂತಾಮಣಿಗೆ ಹೊರಟರು. ತಾತನನ್ನು ಬುಟ್ಟಿಯಲ್ಲಿಟ್ಟು, ಸಾಯಂಕಾಲದವರೆಗೆ ನಿಮ್ಮ ಜಗಲಿಯಲ್ಲಿರಲಿ ಅಂತ ಬಿಟ್ಟು ಹೋದರು. ಅಕ್ಕಯಮ್ಮ ಸೊಪ್ಪು ತರೋಕೆ ತೋಟಕ್ಕೆ ಹೊರಟಳು. ಹೊಸಿಲಲ್ಲಿ ನಿಂತು ಯೋಚನೆ ಮಾಡಿದಳು. ಯಾರೇ ಬಂದರೂ ಅನ್ನಲೋ? ಬೇಡ. ಯಾರಾದರೂ ಬಂದರೆ ಅನ್ನಲೋ? ಅದೂ ಬೇಡ. ಹೊಸದಾಗಿ ಬುದ್ಧಿ ಹೇಳೋದೇ ಬೇಡ. ಹ್ಯಾಗೂ ಕಲಿತಿದ್ದಾನೆ.

"ಹಿಂದೆ ಹೇಳಿದ್ದೆಲ್ಲ ಗ್ಯಾಪಕ ಮಡಿಕ್ಕೊ, ಅಷ್ಟೇ ಸಾಕು," ಅಂದು ಹೋದಳು.

ಸೊಪ್ಪಿನ ಹೊರೆ ಹೊತ್ತು ಬಂದು ಬಾಗಿಲು ತಟ್ಟಿದಳು. ಕಿಟಕಿಯಲ್ಲಿ ಮೂಗು ಕಾಣಿಸಿತು. ಯಾರು ಅಂತ ನೋಡ್ತಿದ್ದಾನೆ! ಬಾಗಿಲು ತೆರೆಯಿತು. ಬಾಮ್ಮ ಅಂದ. ಕಾಲಿಗೆ ನೀರು ಕೊಟ್ಟ. ಮಣೆ ಹಾಕಿ ಕೂರಿಸಿದ. ಮಜ್ಜಿಗೆ ತಂದು ಕೈಗಿಟ್ಟ. ಅಕ್ಕಯಮ್ಮನಿಗೆ ಎದೆ ತುಂಬಿ ಬಂತು. ಅಂತೂ ನನ್ನ ಮಗನಿಗೆ ಬುದ್ಧಿ ಬಂತು, ದೇವರು ಕಣ್ಣು ಬಿಟ್ಟ ಅಂತ ಲೋಟ ಬಾಯಿಗಿಟ್ಟುಕೊಂಡು ತಲೆ ಎತ್ತಿದಳು.

ಎದುರಿಗೆ ಹುಳದ ತಟ್ಟೆ. ತಟ್ಟೆಯ ನಡುವೆ ತಾತ. ಗಡ್ಡ ಇಳಿಬಿಟ್ಟು, ಕಣ್ಣು ಅರೆ ಮುಚ್ಚಿ, ಹೊಟ್ಟೆ ಎರಡೂ ಕಡೆ ಚೆಲ್ಲಿ ಕೂತಿದ್ದ. ಬಾಯಿಯ ಮೂಲೆಯಲ್ಲಿ ಒಂದು ಹುಳದ ಬಾಲ. ಅವನ ಸುತ್ತ ತಟ್ಟೆ ಅಷ್ಟಗಲ ಖಾಲಿ.

"ಲೋ ಪಿಳ್ಳ, ಏನ್ಲಾ ಇದು?"

"ತಾತ ಕಣಮ್ಮ. ಬುಟ್ಟೀಲಿ ಪರಪರ ಕೆರೀತಿತ್ತು. ಯಾರು ಅಂತ ನೋಡ್ದೆ, ಗೊತ್ತಿರೋನು. ಒಳಕ್ಕೆ ಕರೆದೆ, ಕೂರಿಸ್ದೆ, ತಿನ್ನಕ್ಕೆ ಕೊಟ್ಟೆ. ಅದಕ್ಕೆ ಮುಂಚೆ ನಾಲ್ಕು ಕಾಲೂ ತೊಳೆದೆ."

ಅಕ್ಕಯಮ್ಮ ಲೋಟ ಹಿಡಿದುಕೊಂಡೇ ಒಮ್ಮೆ ತಟ್ಟೆ ನೋಡಿದಳು, ಒಮ್ಮೆ ತಾತನನ್ನು ನೋಡಿದಳು. ಅಮ್ಮನಿಗೆ ಇನ್ನೂ ಏನೋ ಅನುಮಾನ ಇದೆ ಅಂತ ಪಿಳ್ಳಪ್ಪನಿಗೆ ಅನ್ನಿಸಿತು. ಹೋಗಿ ತಾತನನ್ನು ಎರಡು ಕೈಯಲ್ಲಿ ಎತ್ತಿ, ಬೆನ್ನು ಕಾಣೋ ಹಾಗೆ ತಿರುಗಿಸಿ ಹಿಡಿದ.

"ಟೀಚರಮ್ಮ ಹೇಳಿದ್ದೂ ಮರೆತಿಲ್ಲ. ನೋಡು, ರೆಕ್ಕೆ ಇಲ್ಲ."

ಅಕ್ಕಯಮ್ಮ ಬುದ್ಧಿ ಹೇಳೋಕೆ ಬಾಯಿ ತೆರೆದಳು. ಮಗನ ಮುಖ ನೋಡಿದಳು. ಮುಂದಿನ ಬೆಳೆ ನೆನೆಸಿಕೊಂಡಳು. ತೆರೆದ ಬಾಯಿಗೆ ಮಜ್ಜಿಗೆ ಸುರಿದುಕೊಂಡು ಸುಮ್ಮನಾದಳು.

ಉಳಿದ ಹುಳ ಗೂಡು ಸೇರಿದವು, ತಾತ ಬುಟ್ಟಿ ಸೇರಿದ, ಕತೆ ನಿಮ್ಮ ಕಿವಿ ಸೇರಿತು. ಇನ್ನು ನೀವು ನಿಮ್ಮ ಮನೆ ಸೇರಿ. ಬಾಗಿಲು ತಟ್ಟಿದರೆ ಯಾರು ಅಂತ ನೋಡಿ ತೆಗೀರಿ.